ವಾಣಿಜ್ಯ ಕಟ್ಟಡದ ಡಕ್ಟ್ ಕೊಳೆ ಮತ್ತು ಒಳಗಿನ ಗಾಳಿ: ಪತ್ತೆ, ಮೂಲದ ದುರಸ್ತಿ, ಶುಚಿ

ಸೀಲಿಂಗಿನ ಡಿಫ್ಯೂಸರ್ (ಎಸಿಯ ಗಾಳಿ ಕೋಣೆಗೆ ಬರುವ ಬಾಯಿ) ಸುತ್ತ ಕಪ್ಪು ಬಳೆಯಂತೆ ಮಸಿ ಕಟ್ಟಿದ್ದರೆ ನೋಡಿದವರೆಲ್ಲ ಡಕ್ಟ್ (ಗಾಳಿ ಸಾಗಿಸುವ ಕೊಳವೆ) ತುಂಬ ಕೊಳೆಯಿದೆ, ಅದನ್ನೇ ಉಗುಳುತ್ತಿದೆ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಆ ಮಸಿ ಡಕ್ಟಿನಿಂದ ಬಂದದ್ದೇ ಅಲ್ಲ. ರಭಸವಾಗಿ ಹೊರಟ ಗಾಳಿ ಕೋಣೆಯ ಗಾಳಿಯನ್ನೂ ಜೊತೆಗೆ ಸೆಳೆದುಕೊಂಡು ಸೀಲಿಂಗಿಗೆ ಒತ್ತಿಕೊಂಡೇ ಹರಿಯುತ್ತದೆ, ಕೋಣೆಯ ಧೂಳು ಅಲ್ಲಿ ಮೆತ್ತಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಡಿಫ್ಯೂಸರ್ ಬಿಚ್ಚಿ, ಅದರ ಕುತ್ತಿಗೆಯ ಒಳಬದಿಯನ್ನು ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ. ಬಟ್ಟೆ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿದು ಹೊರಗಿನ ಸೀಲಿಂಗ್ ಮಾತ್ರ ಕಪ್ಪಾಗಿದ್ದರೆ, ಧೂಳು ಹುಟ್ಟುತ್ತಿರುವುದು ಕೋಣೆಯಲ್ಲೇ: ಕಾರ್ಪೆಟ್, ಕಾಗದ, ಬಾಗಿಲ ಸಂದಿಯಿಂದ ನುಗ್ಗುವ ಹೊರಗಾಳಿ. ಬಟ್ಟೆಯೂ ಕಪ್ಪಾದರೆ ಮುಂದಿನ ಕೆಲಸವಿದೆ.

ಆ ಕೆಲಸ ಕೂಡ ಡಕ್ಟಿನಿಂದ ಶುರುವಾಗುವುದಿಲ್ಲ. ಡಕ್ಟ್ ತಾನಾಗಿ ಧೂಳು ಹುಟ್ಟಿಸುವುದು ಅಪರೂಪ. ಫಿಲ್ಟರ್ ಪಕ್ಕದ ಸಂದು, ಒದ್ದೆಯಾಗಿಯೇ ಉಳಿಯುವ ಕಾಯಿಲ್ (ಗಾಳಿಯನ್ನು ತಂಪು ಮಾಡುವ ರೆಕ್ಕೆ-ಕೊಳವೆಗಳ ಜೋಡಣೆ), ನೀರು ನಿಂತ ಡ್ರೇನ್ ಪ್ಯಾನ್ (ಕಾಯಿಲಿನಿಂದ ತೊಟ್ಟಿಕ್ಕುವ ನೀರು ಹಿಡಿಯುವ ತಟ್ಟೆ), ದುರಸ್ತಿ ಕೆಲಸದ ಹೊತ್ತಿನಲ್ಲಿ ಮುಚ್ಚದೆ ಬಿಟ್ಟ ರಿಟರ್ನ್ ಗ್ರಿಲ್ (ಕೋಣೆಯ ಗಾಳಿ ಮೆಷಿನಿಗೆ ಮರಳುವ ಜಾಲರಿ), ಇವುಗಳ ತಪ್ಪೆಲ್ಲ ಕೊನೆಗೆ ಬಂದು ಡಕ್ಟಿನ ತಳದಲ್ಲಿ ಕೂರುತ್ತದೆ. ಮೂಲವನ್ನು ಹಾಗೇ ಬಿಟ್ಟು ಡಕ್ಟ್ ಮಾತ್ರ ಶುಚಿ ಮಾಡಿಸಿದರೆ ಹಣ ಹೋಗುತ್ತದೆ, ಕೊಳೆ ಮರಳಿ ಬರುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ನೋಡಿ, ಆಮೇಲೆ ಅಳೆಯಿರಿ, ಮೂಲ ಸರಿಪಡಿಸಿ, ಕೊನೆಗೆ ಶುಚಿ ಮಾಡಿಸಿ.

ಯಾವ ಕೊಳೆ ಗಾಳಿಯನ್ನು ಕೆಡಿಸುತ್ತದೆ

ಜಿಐ ತಗಡಿನ ಗೋಡೆಗೆ ತೆಳ್ಳಗೆ ಅಂಟಿದ ಒಣ ಧೂಳು ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಅದರಿಂದಲೇ ಎಲ್ಲರಿಗೂ ಕಾಯಿಲೆ ಎಂದು ಹೆದರಿಸುವ ಜಾಹೀರಾತುಗಳನ್ನು ನಂಬಬೇಡಿ. ಡಕ್ಟ್ ಶುಚಿಯಿಂದ ಆರೋಗ್ಯದ ತೊಂದರೆ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಮನೆಗಳ ಡಕ್ಟ್ ಕುರಿತ ತನ್ನ ಸಲಹೆಯಲ್ಲಿ ಹೇಳಿದೆ. ಆದರೆ ಈ ಕೆಳಗಿನ ಸ್ಥಿತಿಗಳಲ್ಲಿ ಡಕ್ಟ್ ಕೊಳೆ ನಿಜವಾಗಿಯೂ ಜನ ಉಸಿರಾಡುವ ಗಾಳಿಗೆ ಸೇರುತ್ತದೆ.

ಮೊದಲನೆಯದು, ಎಲ್ಲಕ್ಕಿಂತ ಕೆಟ್ಟದು, ತೇವ. ಡಕ್ಟ್ ಧೂಳೆಂದರೆ ಚರ್ಮದ ಹೊಟ್ಟು, ಬಟ್ಟೆಯ ನೂಲು, ಕಾಗದದ ಪುಡಿ, ಮಸಿ, ಪರಾಗ. ಬೂಷ್ಟಿಗೆ ಇದು ಸಿದ್ಧ ಆಹಾರ, ಇಲ್ಲದಿರುವುದು ನೀರೊಂದೇ. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬೇರೂರುತ್ತದೆ. ಅಲ್ಲಿಂದಾಚೆ ಫ್ಯಾನ್ ಓಡಿದಷ್ಟು ಹೊತ್ತೂ ಬೂಷ್ಟಿನ ಬೀಜಕಣ, ಮುಗ್ಗಲು ವಾಸನೆ ಕೋಣೆಗೆ ಬರುತ್ತಲೇ ಇರುತ್ತವೆ. ಅಸ್ತಮಾ, ಅಲರ್ಜಿ ಇರುವವರಿಗೆ ಇದು ಮೊದಲು ತಿಳಿಯುತ್ತದೆ.

ಎರಡನೆಯದು, ದಪ್ಪಗೆ ಕೂತ ಸಡಿಲ ಧೂಳು. ಫ್ಯಾನ್ ನಿಂತು ಮತ್ತೆ ಶುರುವಾಗುವಾಗ, ಡ್ಯಾಂಪರ್ (ಗಾಳಿಯ ಹರಿವನ್ನು ನಿಯಂತ್ರಿಸುವ ಕದ) ಒಮ್ಮೆಲೇ ತೆರೆದಾಗ, ಸೀಲಿಂಗ್ ಮೇಲೆ ಯಾರಾದರೂ ಕೆಲಸ ಮಾಡಿ ಡಕ್ಟಿಗೆ ಪೆಟ್ಟು ಬಿದ್ದಾಗ ಅದು ಏಳುತ್ತದೆ. ಸಿಮೆಂಟ್, ಜಿಪ್ಸಂ ಪುಡಿಯಾದರೆ ಕಣ್ಣು, ಗಂಟಲು ಉರಿಯುತ್ತವೆ. ಮೂರನೆಯದು, ಶಬ್ದ ತಗ್ಗಿಸಲು ಡಕ್ಟ್ ಒಳಗೆ ಅಂಟಿಸಿದ ಫೈಬರ್‌ಗ್ಲಾಸ್ ಲೈನರ್ ಹರಿದು ನಾರು ಉದುರುವುದು. ಡಕ್ಟ್ ತಾನೇ ಮೂಲವಾಗುವ ಅಪರೂಪದ ಸ್ಥಿತಿ ಇದು. ಇನ್ನುಳಿದದ್ದು ಇಲಿ, ಹಕ್ಕಿ, ಹುಳಗಳ ಹಿಕ್ಕೆ ಮತ್ತು ಗೂಡು. ಇದು ಕಂಡರೆ ಚರ್ಚೆಯೇ ಬೇಡ, ದಾರಿ ಮುಚ್ಚಿ ಶುಚಿ ಮಾಡಲೇಬೇಕು.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಕಾಯಿಲ್ ರೆಕ್ಕೆಗಳ ನಡುವೆ, ಬ್ಲೋವರ್ ಎಲೆಗಳ ಮೇಲೆ ಕೂತ ಕೊಳೆ ಗಾಳಿಯ ಹರಿವನ್ನೇ ಇಳಿಸುತ್ತದೆ. ಹರಿವು ಇಳಿದರೆ ಹೊರಗಿನ ತಾಜಾ ಗಾಳಿಯೂ ಇಳಿಯುತ್ತದೆ, ಜನರ ಉಸಿರು, ಪೀಠೋಪಕರಣ, ಬಣ್ಣ, ಪ್ರಿಂಟರ್ ಬಿಡುವ ಆವಿಗಳೆಲ್ಲ ಒಳಗೇ ಉಳಿಯುತ್ತವೆ. 1980ರ ದಶಕದ ಕೊನೆಯವರೆಗೆ ಕೆಲಸದ ಜಾಗದ ಆರೋಗ್ಯ ಕುರಿತು ಸಂಶೋಧಿಸುವ ಅಮೆರಿಕದ ನಯೋಶ್ ಸಂಸ್ಥೆ ನಡೆಸಿದ ಸುಮಾರು 500 ಕಟ್ಟಡ ತನಿಖೆಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಮುಖ್ಯ ದೋಷ ಎಂದು ಗುರುತಾದದ್ದು ಸಾಲದ ವೆಂಟಿಲೇಶನ್. ತಲೆನೋವು, ತೂಕಡಿಕೆ, ಕಣ್ಣುರಿ ಎಂಬ ದೂರು ಬಂದಾಗ ಈ ಮಾತು ನೆನಪಿರಲಿ.

ಹಂತ 1: ದೂರಿನ ಹೊತ್ತು ಬರೆದಿಡಿ

ಯಾರಿಗೆ ಏನಾಗುತ್ತಿದೆ ಎಂಬುದಕ್ಕಿಂತ ಯಾವಾಗ, ಎಲ್ಲಿ ಎಂಬುದು ಹೆಚ್ಚು ಹೇಳುತ್ತದೆ. ಎರಡು ವಾರ ಒಂದು ಪುಸ್ತಕ ಇಡಿ: ದಿನ, ಗಂಟೆ, ಕೂರುವ ಜಾಗ, ತೊಂದರೆ, ಕಟ್ಟಡ ಬಿಟ್ಟಮೇಲೆ ಕಡಿಮೆಯಾಯಿತೇ. ಆಮೇಲೆ ಆ ಜಾಗಗಳನ್ನು ಎಎಚ್‌ಯು (ಏರ್ ಹ್ಯಾಂಡ್ಲಿಂಗ್ ಯೂನಿಟ್, ಫಿಲ್ಟರ್, ಕಾಯಿಲ್, ಫ್ಯಾನ್ ಇರುವ ಪೆಟ್ಟಿಗೆ) ವಲಯಗಳ ನಕ್ಷೆಯ ಮೇಲೆ ಗುರುತು ಮಾಡಿ.

ಬೆಳಿಗ್ಗೆ ಮೆಷಿನ್ ಹಾಕಿದ ಮೊದಲ ಅರ್ಧ ಗಂಟೆ ಮುಗ್ಗಲು ವಾಸನೆ ಬಂದು ಆಮೇಲೆ ಮಾಯವಾದರೆ ಕಾಯಿಲ್ ಅಥವಾ ಡ್ರೇನ್ ಪ್ಯಾನ್ ಮೇಲೆ ಅನುಮಾನ. ವಾರದ ರಜೆ ಮುಗಿದ ಮರುದಿನ ಅದು ಜಾಸ್ತಿಯಾದರೆ ಅನುಮಾನ ಬಹುತೇಕ ಖಚಿತ. ಮಧ್ಯಾಹ್ನದ ಹೊತ್ತಿಗೆ ತೂಕಡಿಕೆ, ತಲೆಭಾರ ಏರುತ್ತ ಹೋದರೆ ತಾಜಾ ಗಾಳಿ ಸಾಲುತ್ತಿಲ್ಲ. ಒಂದೇ ಎಎಚ್‌ಯು ವಲಯದ ಜನ ಮಾತ್ರ ದೂರುತ್ತಿದ್ದರೆ ಹುಡುಕಾಟ ಅಲ್ಲಿಗೇ ಸೀಮಿತವಾಗುತ್ತದೆ. ಹತ್ತು ಎಎಚ್‌ಯು ಇರುವ ಕಟ್ಟಡದಲ್ಲಿ ಈ ಒಂದು ಪುಸ್ತಕ ಒಂಬತ್ತರ ಖರ್ಚು ಉಳಿಸಬಲ್ಲದು.

ಹಂತ 2: ಎಎಚ್‌ಯು ಒಳಗೆ ನೋಡಿ

ಬೇಕಾದ ಸಾಮಾನು: ಟಾರ್ಚ್, ಸಣ್ಣ ಕನ್ನಡಿ, ಉದ್ದ ಕೇಬಲಿನ ಇನ್ಸ್‌ಪೆಕ್ಷನ್ ಕ್ಯಾಮೆರಾ, ಮ್ಯಾನೋಮೀಟರ್ (ಗಾಳಿಯ ಒತ್ತಡ ಅಳೆಯುವ ಸಾಧನ), ಬಿಳಿ ಬಟ್ಟೆ, ಮಾರ್ಕರ್, ಕೈಗವಸು, ಎನ್95 ಮಾಸ್ಕ್. ಫ್ಯಾನ್ ಸ್ವಿಚ್ ಆರಿಸಿದರಷ್ಟೇ ಸಾಲದು, ವಿದ್ಯುತ್ ಪೂರ್ತಿ ಕಡಿಯುವ ಐಸೊಲೇಟರ್‌ಗೆ ಬೀಗ ಹಾಕಿ ಚೀಟಿ ಕಟ್ಟಿ. ಆಟೊ ಮೋಡಿನಲ್ಲಿರುವ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು.

ಗಾಳಿ ಬರುವ ದಿಕ್ಕಿನಲ್ಲೇ ಒಂದೊಂದಾಗಿ ನೋಡುತ್ತ ಹೋಗಿ. ಹೊರಗಾಳಿ ಒಳಬರುವ ಲೂವರ್ ಜಾಲರಿಯಲ್ಲಿ ಎಲೆ, ಪುಕ್ಕ, ಹಿಕ್ಕೆ ಸಿಕ್ಕಿದೆಯೇ? ಅದರ ಹತ್ತಿರ ಏನಿದೆ? ಲಾರಿಗಳು ಸರಕು ಇಳಿಸುವ ಜಾಗ, ಕೂಲಿಂಗ್ ಟವರಿನಿಂದ ಹೊರಬರುವ ಗಾಳಿ, ಇವೆರಡರಿಂದಲೂ ಕನಿಷ್ಠ 7.5 ಮೀಟರ್ ದೂರವಿರಬೇಕು ಎನ್ನುತ್ತದೆ ವೆಂಟಿಲೇಶನ್ ಕುರಿತ ಅಮೆರಿಕದ ಆಶ್ರೇ 62.1 ಮಾನದಂಡ. ಕೂಲಿಂಗ್ ಟವರಿನ ತುಂತುರಿನಲ್ಲಿ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಅದನ್ನು ಲಘುವಾಗಿ ಕಾಣುವಂತಿಲ್ಲ.

ಮುಂದಿನದು ಫಿಲ್ಟರ್. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ. ಫಿಲ್ಟರ್ ಎಷ್ಟು ಕೊಳೆಯಾಗಿದೆ ಎಂದಷ್ಟೇ ನೋಡಿ ಹೋಗಬೇಡಿ, ಅದರ ಹಿಂದಿನ ಚೌಕಟ್ಟು ನೋಡಿ. ಎರಡು ಫಿಲ್ಟರ್ ಕೂಡುವ ಕಡೆ, ಸಾಲಿನ ಕೊನೆಯ ಫಿಲ್ಟರಿಗೂ ಬಾಗಿಲಿಗೂ ನಡುವೆ, ಹಿಂಬದಿಯ ತಗಡಿನ ಮೇಲೆ ಧೂಳಿನ ಗೆರೆ ಎಳೆದಂತೆ ಕಂಡರೆ ಗಾಳಿ ಫಿಲ್ಟರಿನ ಮೂಲಕ ಹೋಗದೆ ಪಕ್ಕದಿಂದ ನುಸುಳುತ್ತಿದೆ. ಟಾರ್ಚನ್ನು ಹಿಂಬದಿಯಲ್ಲಿ ಉರಿಸಿಟ್ಟು ಮುಂಬದಿಯಿಂದ ನೋಡಿ. ಬೆಳಕು ಬರುವ ಸಂದಿನಲ್ಲೆಲ್ಲ ಧೂಳೂ ಬರುತ್ತದೆ. ಇಲ್ಲೊಂದು ಕಷ್ಟವಿದೆ. ಗಾಳಿ ಚೆನ್ನಾಗಿರಲಿ ಎಂದು ಮರ್ವ್ 8 ಫಿಲ್ಟರ್ ತೆಗೆದು ಮರ್ವ್ 13 (ಮರ್ವ್ ಅಂಕಿ ಹೆಚ್ಚಿದಷ್ಟೂ ಸಣ್ಣ ಕಣ ಹಿಡಿಯುತ್ತದೆ) ಹಾಕಿದಾಗ ಒತ್ತಡದ ಇಳಿತ ಸಾಮಾನ್ಯವಾಗಿ ಏರುತ್ತದೆ, ಫಿಲ್ಟರ್ ತಡೆದಷ್ಟೂ ಗಾಳಿ ಸಂದಿಯನ್ನೇ ಹುಡುಕುತ್ತದೆ. ಸಂದು ಮುಚ್ಚದೆ ಒಳ್ಳೆಯ ಫಿಲ್ಟರ್ ಹಾಕಿದರೆ ಕೊಟ್ಟ ಹಣದ ಫಲ ಸಿಗುವುದಿಲ್ಲ.

ಕಾಯಿಲನ್ನು ಎರಡೂ ಕಡೆಯಿಂದ ನೋಡಿ. ಗಾಳಿ ಒಳಬರುವ ಕಡೆ ಧೂಳಿನ ಕಂಬಳಿ, ಹೊರಹೋಗುವ ಕಡೆ ಬೆರಳಿಗೆ ಜಾರುವ ಲೋಳೆ, ಎರಡೂ ಇರಬಹುದು. ನಾಲ್ಕಾರು ಸಾಲಿನ ಕಾಯಿಲ್ ಆಗಿದ್ದರೆ ಮುಂಬದಿ ಶುಚಿಯಾಗಿ ಕಂಡರೂ ನಡುವೆ ಕಟ್ಟಿಕೊಂಡಿರುತ್ತದೆ. ಒಂದು ಬದಿಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ಬೆಳಕು ಕಾಣುತ್ತದೆಯೇ ನೋಡಿ. ರೆಕ್ಕೆಗಳ ಮೂಲಕ ಹಾಯುವ ಗಾಳಿಯ ವೇಗ ಸೆಕೆಂಡಿಗೆ ಸುಮಾರು 2.5 ಮೀಟರ್ ದಾಟಿದರೆ ನೀರಿನ ಹನಿ ಕಾಯಿಲ್ ಬಿಟ್ಟು ಹಾರಿ ಮುಂದಿನ ಡಕ್ಟನ್ನು ನೆನೆಸಬಹುದು. ಕಾಯಿಲಿನ ಅರ್ಧ ಭಾಗ ಕೊಳೆಯಿಂದ ಮುಚ್ಚಿದ್ದರೆ ಉಳಿದರ್ಧದಲ್ಲಿ ವೇಗ ತಾನಾಗಿ ಏರುತ್ತದೆ, ಹನಿ ಹಾರುವುದು ಅಲ್ಲಿಂದಲೇ. ಹೀಗಾಗಿ ಕಾಯಿಲಿನ ನಂತರದ ಮೊದಲ ಎರಡು ಮೂರು ಮೀಟರ್ ಡಕ್ಟ್ ಯಾವತ್ತೂ ಅನುಮಾನದ ಜಾಗ.

ಡ್ರೇನ್ ಪ್ಯಾನಿಗೆ ಒಂದು ಲೀಟರ್ ನೀರು ಸುರಿಯಿರಿ, ಪೂರ್ತಿ ಹರಿದು ಹೋಗಬೇಕು. ಆಮೇಲೆ ಬಾಗಿಲು ಮುಚ್ಚಿ ಫ್ಯಾನ್ ಓಡಿಸಿ, ನೋಡುಗಾಜಿನಿಂದ ಇಲ್ಲವೇ ಕ್ಯಾಮೆರಾದಿಂದ ಮತ್ತೆ ನೋಡಿ. ಫ್ಯಾನ್ ನಿಂತಾಗ ಹರಿದು, ಓಡುವಾಗ ನಿಲ್ಲುವ ನೀರಿಗೆ ಕಾರಣ ಟ್ರ್ಯಾಪ್ (ನೀರು ನಿಂತು ಗಾಳಿ ತಡೆಯುವ ಡ್ರೇನ್ ಪೈಪಿನ ಬಾಗು). ಇದನ್ನು ಹಂತ 5ರಲ್ಲಿ ಬಿಡಿಸಿ ಹೇಳಿದೆ.

ಹಂತ 3: ಡಕ್ಟ್ ಒಳಗೆ ನೋಡಿ

ಇಡೀ ಡಕ್ಟ್ ನೋಡುವ ಅಗತ್ಯವಿಲ್ಲ. ಧೂಳು ನಿಲ್ಲುವ ಜಾಗಗಳು ಗೊತ್ತಿರುವಂಥವೇ: ಮೊಣಕೈ ತಿರುವಿನ ಒಳಗಿನ ಟರ್ನಿಂಗ್ ವೇನ್ (ಗಾಳಿಯನ್ನು ತಿರುಗಿಸುವ ಎಲೆಗಳು), ವಾಲ್ಯೂಮ್ ಡ್ಯಾಂಪರ್, ಬೆಂಕಿ ಬಿದ್ದಾಗ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್, ಗಾಳಿಯನ್ನು ಮತ್ತೆ ಬೆಚ್ಚಗೆ ಮಾಡುವ ರೀಹೀಟ್ ಕಾಯಿಲಿನ ಮುಂಬದಿ, ಡಕ್ಟ್ ಅಗಲವಾಗಿ ವೇಗ ಇಳಿಯುವ ಕಡೆ, ಸಾಲಿನ ಕೊನೆ. ಪ್ರತಿ ಎಎಚ್‌ಯುಗೆ ಸಪ್ಲೈನಲ್ಲಿ (ಕೋಣೆಗೆ ಗಾಳಿ ಒಯ್ಯುವ ಡಕ್ಟ್) ಮೂರು ಜಾಗ, ರಿಟರ್ನ್‌ನಲ್ಲಿ (ಕೋಣೆಯ ಗಾಳಿಯನ್ನು ಮರಳಿ ತರುವ ಡಕ್ಟ್) ಎರಡು ಜಾಗ ನೋಡಿದರೆ ಸ್ಥಿತಿ ತಿಳಿಯುತ್ತದೆ. ಒಂದೊಂದು ಜಾಗಕ್ಕೂ ನಂಬರ್ ಕೊಟ್ಟು, ಅಳತೆಪಟ್ಟಿ ಚೌಕಟ್ಟಿನಲ್ಲಿ ಕಾಣುವಂತೆ ಫೋಟೋ ತೆಗೆಯಿರಿ. ಶುಚಿ ಮುಗಿದಮೇಲೆ ಅದೇ ನಂಬರಿನ ಜಾಗದಲ್ಲಿ ಮತ್ತೆ ತೆಗೆಯಬೇಕು.

ರಿಟರ್ನ್ ಬದಿ ಸಪ್ಲೈಗಿಂತ ಕೊಳೆಯಾಗಿರುವುದು ಸಹಜ, ಅದು ಫಿಲ್ಟರಿಗಿಂತ ಮೊದಲು ಬರುತ್ತದೆ. ಸಪ್ಲೈ ಕೊಳೆಯಾಗಿದ್ದರೆ ಮಾತ್ರ ಕಾರಣ ಕೇಳಲೇಬೇಕು. ಸೀಲಿಂಗ್ ಮೇಲಿನ ಖಾಲಿ ಜಾಗವನ್ನೇ ರಿಟರ್ನ್ ದಾರಿಯಾಗಿ ಬಳಸುವ ಕಟ್ಟಡಗಳಲ್ಲಿ ಅಲ್ಲಿ ಬಿದ್ದಿರುವ ಸಿಮೆಂಟ್ ಚೂರು, ಕೇಬಲ್ ಸಿಪ್ಪೆ, ಒದ್ದೆ ಟೈಲ್, ಹರಿದ ಇನ್ಸುಲೇಶನ್ ಎಲ್ಲವೂ ಡಕ್ಟಿನ ಭಾಗವೆಂದೇ ಲೆಕ್ಕ.

ಹಳೆಯ ಕಟ್ಟಡದ ಡಕ್ಟ್ ಹೊದಿಕೆ, ಜೋಡಣೆಯ ಪಟ್ಟಿ, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ, ಮಾದರಿಯನ್ನು ಲ್ಯಾಬಿಗೆ ಕಳಿಸಿ ಉತ್ತರ ಬರುವವರೆಗೆ ಕತ್ತರಿ, ಬ್ರಷ್ ಯಾವುದನ್ನೂ ತಾಗಿಸಬೇಡಿ.

ಹಂತ 4: ಅಳೆಯಿರಿ

ತಾಜಾ ಗಾಳಿ ಎಷ್ಟು ಸೇರುತ್ತಿದೆ ಎಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದರಿಂದಲೇ ತಿಳಿಯಬಹುದು. ಜನ ತುಂಬಿರುವ ಹೊತ್ತಿನಲ್ಲಿ ಒಂದೇ ಮೀಟರಿನಿಂದ, ಕೆಲವೇ ನಿಮಿಷಗಳ ಅಂತರದಲ್ಲಿ ರಿಟರ್ನ್, ಸಪ್ಲೈ, ಹೊರಗೆ ಅಳೆಯಿರಿ. ರಿಟರ್ನ್‌ನಿಂದ ಸಪ್ಲೈ ಕಳೆದು, ಅದನ್ನು ರಿಟರ್ನ್‌ನಿಂದ ಹೊರಗಿನದು ಕಳೆದ ಮೊತ್ತದಿಂದ ಭಾಗಿಸಿ. ರಿಟರ್ನ್ 1000 ಪಿಪಿಎಂ, ಸಪ್ಲೈ 880, ಹೊರಗೆ 420 ಎಂದಿಟ್ಟುಕೊಳ್ಳಿ: 120 ಭಾಗಿಸು 580, ಸುಮಾರು 21 ಶೇಕಡಾ ತಾಜಾ ಗಾಳಿ. ಇದನ್ನು ಎಎಚ್‌ಯು ಒಟ್ಟು ಹರಿವಿಗೆ ಗುಣಿಸಿ ವಿನ್ಯಾಸದ ಅಂಕಿಯ ಪಕ್ಕದಲ್ಲಿಡಿ. ಸಪ್ಲೈ ಮತ್ತು ರಿಟರ್ನ್ ಅಂಕಿಗಳ ನಡುವೆ ಅಂತರವೇ ಇಲ್ಲದಿದ್ದರೆ ಹೊರಗಾಳಿಯ ಡ್ಯಾಂಪರ್ ಮುಚ್ಚಿ ಕೂತಿದೆ, ಮೊದಲು ಅದನ್ನು ಬಿಡಿಸಿ.

ಡಕ್ಟ್ ಕಣಗಳನ್ನು ಸೇರಿಸುತ್ತಿದೆಯೇ ಎಂಬುದಕ್ಕೆ ಕೈಯಲ್ಲಿ ಹಿಡಿಯುವ ಪಾರ್ಟಿಕಲ್ ಕೌಂಟರ್ ಸಾಕು. ಕೋಣೆಯಲ್ಲಷ್ಟೇ ಅಳೆದು ತೀರ್ಮಾನಕ್ಕೆ ಬರಬೇಡಿ. ಹೊರಗೆ, ಫಿಲ್ಟರ್ ದಾಟಿದ ಕೂಡಲೇ, ಡಿಫ್ಯೂಸರ್ ಬಾಯಿಯಲ್ಲಿ, ರಿಟರ್ನ್ ಗ್ರಿಲ್ ಬಳಿ, ಹೀಗೆ ನಾಲ್ಕು ಕಡೆ ಅಳೆಯಿರಿ. ಮುಖ್ಯವಾದ ಜೋಡಿ ನಡುವಿನ ಎರಡು. ಫಿಲ್ಟರ್ ದಾಟಿದಾಗ ಇದ್ದ ಎಣಿಕೆಗಿಂತ ಡಿಫ್ಯೂಸರ್ ಬಾಯಿಯಲ್ಲಿ ಗಣನೀಯವಾಗಿ ಜಾಸ್ತಿಯಿದ್ದರೆ, ಕಣಗಳು ಆ ನಡುವಿನ ಹಾದಿಯಲ್ಲೇ ಸೇರಿವೆ. ಎರಡೂ ಹತ್ತಿರವಿದ್ದು ಎರಡೂ ಹೆಚ್ಚಿದ್ದರೆ ದೋಷ ಫಿಲ್ಟರಿನದು. ಎರಡೂ ಕಡಿಮೆಯಿದ್ದು ರಿಟರ್ನ್‌ನಲ್ಲಿ ಹೆಚ್ಚಿದ್ದರೆ ಧೂಳು ಕೋಣೆಯದು. ಫ್ಯಾನ್ ಹಾಕಿದ ಮೊದಲ ಹತ್ತು ನಿಮಿಷ ಅಳೆದು, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಸಡಿಲ ಧೂಳು ಮೊದಲ ಅಳತೆಯಲ್ಲೇ ಸಿಕ್ಕಿಬೀಳುತ್ತದೆ. ಪಿಎಂ 2.5ಕ್ಕೆ (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು) ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ 24 ಗಂಟೆಯ ಮಿತಿ ಘನ ಮೀಟರಿಗೆ 15 ಮೈಕ್ರೊಗ್ರಾಂ.

ಮೇಲ್ಮೈ ಕೊಳೆಗೂ ಅಳತೆಯಿದೆ. ಯುರೋಪಿನ ಇಎನ್ 15780 ಮಾನದಂಡ ಬಳಕೆಯಲ್ಲಿರುವ ಸಪ್ಲೈ ಡಕ್ಟಿಗೆ ಮೂರು ದರ್ಜೆ ಇಟ್ಟಿದೆ: ಗೋದಾಮಿನಂಥ ಕಡಿಮೆ ದರ್ಜೆಗೆ ಚದರ ಮೀಟರಿಗೆ 4.5 ಗ್ರಾಂ, ಕಚೇರಿಯಂಥ ಮಧ್ಯಮ ದರ್ಜೆಗೆ 3.0 ಗ್ರಾಂ, ಆಸ್ಪತ್ರೆಯ ಚಿಕಿತ್ಸಾ ಜಾಗದಂಥ ಉನ್ನತ ದರ್ಜೆಗೆ 0.6 ಗ್ರಾಂ. ಶುಚಿ ಮಾಡಿದ ನಂತರದ ಪರೀಕ್ಷೆಗೆ ಡಕ್ಟ್ ಶುಚಿ ಮಾಡುವವರ ಸಂಘವಾದ ನ್ಯಾಡ್ಕಾದ ವ್ಯಾಕ್ಯೂಮ್ ಪರೀಕ್ಷೆಯಲ್ಲಿ ಧೂಳು 100 ಚದರ ಸೆಂ.ಮೀ.ಗೆ 0.75 ಮಿ.ಗ್ರಾಂ ಮೀರುವಂತಿಲ್ಲ. ಈ ಅಂಕಿಗಳು ಏನು ಹೇಳುತ್ತವೆ ಎಂದು ಒಂದು ಲೆಕ್ಕ ಮಾಡಿ ನೋಡಿ. 600×400 ಮಿ.ಮೀ. ಡಕ್ಟಿನ ಸುತ್ತಳತೆ 2 ಮೀಟರ್. 200 ಮೀಟರ್ ಉದ್ದಕ್ಕೆ 400 ಚದರ ಮೀಟರ್ ಮೇಲ್ಮೈ. ಚದರ ಮೀಟರಿಗೆ 3 ಗ್ರಾಂ ಎಂದರೆ ಒಳಗೆ 1.2 ಕಿಲೋ ಧೂಳು ಕೂತಿದೆ ಎಂದರ್ಥ.

ಇಷ್ಟಾದಮೇಲೆ ತೀರ್ಮಾನ ಕಷ್ಟವಲ್ಲ. ಕಣ್ಣಿಗೆ ಕಾಣುವ ಬೂಷ್ಟು, ಪ್ರಾಣಿಗಳ ಹೊಲಸು, ಹರಿಯುತ್ತಿರುವ ಲೈನರ್, ಮಿತಿ ಮೀರಿದ ಧೂಳು, ಇಲ್ಲವೇ ಫಿಲ್ಟರಿನಿಂದ ಡಿಫ್ಯೂಸರಿಗೆ ಬರುವಷ್ಟರಲ್ಲಿ ಏರಿದ ಕಣಗಳ ಎಣಿಕೆ, ಇವುಗಳಲ್ಲಿ ಒಂದಿದ್ದರೂ ಶುಚಿ ಬೇಕು. ಯಾವುದೂ ಇಲ್ಲದಿದ್ದರೆ ಆ ಹಣವನ್ನು ಫಿಲ್ಟರ್ ಚೌಕಟ್ಟಿಗೆ, ಕಾಯಿಲಿಗೆ ಹಾಕಿ.

ಹಂತ 5: ಮೂಲವನ್ನು ಸರಿಪಡಿಸಿ

ಫಿಲ್ಟರ್ ಸಂದುಗಳಿಗೆ ಗ್ಯಾಸ್ಕೆಟ್ ಪಟ್ಟಿ ಅಂಟಿಸಿ, ಕೊನೆಯ ಫಿಲ್ಟರ್ ಮತ್ತು ಬಾಗಿಲ ನಡುವೆ ತಗಡಿನ ಪಟ್ಟಿ ಕೂಡಿಸಿ, ಕ್ಲಿಪ್‌ಗಳು ಬಿಗಿಯಾಗಿವೆಯೇ ನೋಡಿ. ಫಿಲ್ಟರ್ ಸಾಲಿನ ಎರಡೂ ಬದಿಗೆ ಒತ್ತಡದ ಗೇಜ್ ಹಾಕಿ. ಯಾವಾಗ ಬದಲಿಸಬೇಕು ಎಂಬುದನ್ನು ತಯಾರಕರು ಹೇಳಿದ ಕೊನೆಯ ಒತ್ತಡ ನಿರ್ಧರಿಸಲಿ, ಹೆಚ್ಚಿನವಕ್ಕೆ ಇದು 250 ಪಾಸ್ಕಲ್ ಆಸುಪಾಸು. ಗೇಜ್ ತಿಂಗಳಾನುಗಟ್ಟಲೆ ಅಲುಗಾಡದಿದ್ದರೆ ಸಂತೋಷಪಡಬೇಡಿ. ಫಿಲ್ಟರ್ ಹರಿದಿರಬಹುದು, ಪಕ್ಕದಿಂದ ಗಾಳಿ ಹೋಗುತ್ತಿರಬಹುದು.

ಟ್ರ್ಯಾಪ್ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಫ್ಯಾನ್ ಕಾಯಿಲಿನ ನಂತರವಿದ್ದರೆ ಡ್ರೇನ್ ಪ್ಯಾನ್ ಇರುವ ಜಾಗದಲ್ಲಿ ಋಣ ಒತ್ತಡ (ಹೊರಗಿಗಿಂತ ಕಡಿಮೆ ಒತ್ತಡ) ಇರುತ್ತದೆ. ಟ್ರ್ಯಾಪ್ ಇಲ್ಲದಿದ್ದರೆ, ಅಥವಾ ಆಳ ಸಾಲದಿದ್ದರೆ, ಡ್ರೇನ್ ಪೈಪಿನಿಂದ ಗಾಳಿ ಒಳಕ್ಕೆ ನುಗ್ಗಿ ನೀರು ಕೆಳಗಿಳಿಯದಂತೆ ತಡೆಯುತ್ತದೆ. ಪ್ಯಾನ್ ತುಂಬುತ್ತದೆ, ಗುಳ್ಳೆ ಒಡೆದು ತುಂತುರು ಏಳುತ್ತದೆ, ಬ್ಲೋವರ್ ಅದನ್ನು ಡಕ್ಟಿಗೆ ತಳ್ಳುತ್ತದೆ. ಅಳತೆ ಹೀಗೆ: ಪ್ಯಾನ್ ಬಳಿಯ ಋಣ ಒತ್ತಡ 600 ಪಾಸ್ಕಲ್ ಇದ್ದರೆ ಅದು ಸುಮಾರು 61 ಮಿ.ಮೀ. ನೀರಿನ ಎತ್ತರಕ್ಕೆ ಸಮ. ಇದಕ್ಕೆ 25 ಮಿ.ಮೀ. ಕೂಡಿಸಿ. ಪ್ಯಾನ್ ಹೊರದಾರಿಯಿಂದ ಟ್ರ್ಯಾಪಿನ ಹೊರದಾರಿಯವರೆಗೆ ಕನಿಷ್ಠ 86, ಸುತ್ತಿ ಹೇಳುವುದಾದರೆ 90 ಮಿ.ಮೀ. ನೇರ ಇಳಿತ ಬೇಕು. ಟ್ರ್ಯಾಪ್ ಹೊರದಾರಿಯಿಂದ ಕೆಳಕ್ಕೆ ನಿಲ್ಲುವ ನೀರಿನ ಆಳ ಇದರ ಅರ್ಧ, 45 ಮಿ.ಮೀ. ಫಿಲ್ಟರ್ ಪೂರ್ತಿ ಕೊಳೆಯಾದಾಗಿನ ಒತ್ತಡವನ್ನೇ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಪ್ಯಾನಿಗೂ ಬೇರೆ ಟ್ರ್ಯಾಪ್ ಇರಲಿ, ಮೆಷಿನ್ ಹಾಕುವ ಮುನ್ನ ಅದಕ್ಕೆ ನೀರು ತುಂಬಿ. ಒಣ ಹವೆಯ ತಿಂಗಳುಗಳಲ್ಲಿ ಟ್ರ್ಯಾಪ್ ಒಣಗಿ ಚರಂಡಿ ವಾಸನೆ ಒಳಬರುವುದುಂಟು. ಪ್ಯಾನಿನ ಇಳಿಜಾರು ಮೀಟರಿಗೆ 10 ಮಿ.ಮೀ. ಇರಬೇಕು.

ಡಕ್ಟಿನ ಹೊರಮೈ ಬೆವರುತ್ತಿದ್ದರೆ ಇನ್ಸುಲೇಶನ್ ಎಲ್ಲಿ ಹರಿದಿದೆ ಹುಡುಕಿ. ಒಳಗೆ 13 ಡಿಗ್ರಿಯ ಗಾಳಿ ಹರಿಯುವ ತಗಡು ತೇವ ಗಾಳಿಗೆ ತೆರೆದುಕೊಂಡರೆ ಬೆವರದೆ ಇರುವುದಿಲ್ಲ. ಕಟ್ಟಡದ ಒಳಗಿನ ತೇವಾಂಶ 60 ಶೇಕಡಾದ ಒಳಗಿರಲಿ. ಕೆಲಸದ ಹೊತ್ತು ಮುಗಿದಮೇಲೆ ತಣ್ಣೀರು ನಿಲ್ಲಿಸಿ, ಹೊರಗಾಳಿ ಡ್ಯಾಂಪರ್ ಮುಚ್ಚಿ, ಫ್ಯಾನನ್ನು ಸ್ವಲ್ಪ ಹೊತ್ತು ಓಡಿಸಿದರೆ ಕಾಯಿಲ್ ಒಣಗುತ್ತದೆ. ಆದರೆ ಆ ನೀರೆಲ್ಲ ಆವಿಯಾಗಿ ಕೋಣೆಗೇ ಹೋಗುವುದರಿಂದ ಒಳಗಿನ ತೇವಾಂಶದ ಮೇಲೆ ಕಣ್ಣಿಟ್ಟು ಹೊತ್ತು ನಿಗದಿ ಮಾಡಿ.

ಹಂತ 6: ಶುಚಿ ಮಾಡುವ ಕ್ರಮ

ಎಲ್ಲದಕ್ಕೂ ತಳಹದಿ ಒಂದೇ ನಿಯಮ: ಶುಚಿ ಮಾಡುತ್ತಿರುವ ಡಕ್ಟ್ ಭಾಗ ಕೆಲಸ ನಡೆಯುವಷ್ಟು ಹೊತ್ತೂ ಕೋಣೆಗಿಂತ ಕಡಿಮೆ ಒತ್ತಡದಲ್ಲಿರಬೇಕು. ಹಾಗಿದ್ದರೆ ಎದ್ದ ಧೂಳು ಡಕ್ಟಿನ ಗಾಳಿ ಎಳೆಯುವ ಯಂತ್ರದ ಕಡೆಗೆ ಹೋಗುತ್ತದೆ, ಇಲ್ಲದಿದ್ದರೆ ಜನರ ಮೇಜಿಗೆ.

1. ಕಟ್ಟಡ ಖಾಲಿಯಿರುವ ಹೊತ್ತು ಗೊತ್ತುಮಾಡಿ. ಎಎಚ್‌ಯುಗೆ ಬೀಗ ಹಾಕಿ. ಡಕ್ಟ್ ಒಳಗಿನ ಸ್ಮೋಕ್ ಡಿಟೆಕ್ಟರುಗಳನ್ನು ಅಗ್ನಿ ಸುರಕ್ಷತೆಯ ಹೊಣೆಯಿರುವವರ ಒಪ್ಪಿಗೆಯಿಂದ ತಾತ್ಕಾಲಿಕವಾಗಿ ಬೇರ್ಪಡಿಸಿ, ಅಷ್ಟು ಹೊತ್ತು ಒಬ್ಬರನ್ನು ಕಾವಲಿಡಿ.

2. ಪ್ರತಿ ವಾಲ್ಯೂಮ್ ಡ್ಯಾಂಪರ್ ಹಿಡಿ ಈಗ ಎಲ್ಲಿದೆ ಎಂದು ಮಾರ್ಕರಿನಿಂದ ಗೆರೆ ಎಳೆದು ಫೋಟೋ ತೆಗೆಯಿರಿ. ಇದನ್ನು ಬಿಟ್ಟರೆ ಕೆಲಸ ಮುಗಿದಮೇಲೆ ಒಂದು ಕೋಣೆ ಚಳಿ, ಇನ್ನೊಂದು ಕೋಣೆ ಸೆಕೆ ಎಂಬ ದೂರು ತಿಂಗಳುಗಟ್ಟಲೆ ನಿಲ್ಲುವುದಿಲ್ಲ.

3. ಮೇಜು, ಕಂಪ್ಯೂಟರುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗ್ರಿಲ್, ಡಿಫ್ಯೂಸರ್ ಬಿಚ್ಚಿ ತೊಳೆಯಲು ಕಳಿಸಿ. ತೆರೆದ ಬಾಯಿಗಳನ್ನು ಮುಚ್ಚಿ.

4. ಡಕ್ಟನ್ನು ವಲಯಗಳಾಗಿ ಒಡೆಯಿರಿ. ಎಷ್ಟು ದೊಡ್ಡ ವಲಯ ಎಂಬುದನ್ನು ಯಂತ್ರ ಹೇಳುತ್ತದೆ. ಗಂಟೆಗೆ 5000 ಘನ ಮೀಟರ್ ಎಳೆಯುವ ಯಂತ್ರ 600×400 ಮಿ.ಮೀ. ಡಕ್ಟಿನಲ್ಲಿ ಸೆಕೆಂಡಿಗೆ ಸುಮಾರು 5.8 ಮೀಟರ್ ವೇಗ ಕೊಡುತ್ತದೆ. 1200×600 ಡಕ್ಟಿನಲ್ಲಿ ಅದೇ ಯಂತ್ರ 2 ಮೀಟರ್ ವೇಗವನ್ನೂ ಕೊಡಲಾರದು, ಏಳಿಸಿದ ಧೂಳು ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂರುತ್ತದೆ. ಅಲ್ಲಿ ಇನ್ನೊಂದು ಯಂತ್ರ ಜೋಡಿಸಿ, ಇಲ್ಲವೇ ಕೈಯಿಂದ ವ್ಯಾಕ್ಯೂಮ್ ಹಿಡಿದು ತೆಗೆಯಿರಿ. ಯಂತ್ರದಲ್ಲಿ ಹೆಪಾ ಫಿಲ್ಟರ್ ಇರಬೇಕು, 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿಯುವಂಥದ್ದು.

5. ಅಕ್ಸೆಸ್ ಬಾಗಿಲು ಕತ್ತರಿಸಿ. ಗಾಳಿ ಚಾವಟಿ (ಒತ್ತಡದ ಗಾಳಿಯಿಂದ ಬಡಿದು ಧೂಳು ಏಳಿಸುವ ಕೊಳವೆ) ತೂರಿಸಲು 25 ಮಿ.ಮೀ. ತೂತು ಸಾಕು. ಡ್ಯಾಂಪರ್, ರೀಹೀಟ್ ಕಾಯಿಲ್, ಟರ್ನಿಂಗ್ ವೇನ್‌ಗಳ ಬಳಿ ಕೈ ಮತ್ತು ತಲೆ ಹೋಗುವಷ್ಟು ದೊಡ್ಡದು ಬೇಕು. ಮುಚ್ಚಳ ಡಕ್ಟಿನಷ್ಟೇ ದಪ್ಪ ತಗಡಿನದಾಗಿರಲಿ, ಎಲ್ಲ ಬದಿಗೂ 25 ಮಿ.ಮೀ. ಹೆಚ್ಚಿರಲಿ, ಗ್ಯಾಸ್ಕೆಟ್ ಹಾಕಿ ಸ್ಕ್ರೂ ಬಿಗಿಯಿರಿ. ಬರೀ ಟೇಪ್ ಅಂಟಿಸಿ ಹೋಗಲು ಬಿಡಬೇಡಿ, ಕೆಲವೇ ತಿಂಗಳಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಹೊರಗಿನ ಇನ್ಸುಲೇಶನ್ ಮತ್ತು ಅದರ ಆವಿ ತಡೆಯುವ ಪದರವನ್ನೂ ಮೊದಲಿನಂತೆ ಕೂಡಿಸಬೇಕು, ಇಲ್ಲದಿದ್ದರೆ ಅದೇ ಜಾಗ ಬೆವರಲು ಶುರುಮಾಡುತ್ತದೆ.

6. ಮೊದಲು ರಿಟರ್ನ್, ಆಮೇಲೆ ಎಎಚ್‌ಯು, ಕೊನೆಗೆ ಸಪ್ಲೈ. ಪ್ರತಿ ವಲಯದಲ್ಲಿ ದೂರದ ತುದಿಯಿಂದ ಯಂತ್ರದ ಕಡೆಗೆ ಬನ್ನಿ. ತಗಡಿನ ಡಕ್ಟಿಗೆ ತಿರುಗುವ ಬ್ರಷ್ ಮತ್ತು ಗಾಳಿ ಚಾವಟಿ ಎರಡೂ ನಡೆಯುತ್ತವೆ. ಫೈಬರ್‌ಗ್ಲಾಸ್ ಲೈನರಿಗೆ ಗಡಸು ಬ್ರಷ್ ತಾಗಿಸಬೇಡಿ, ಹೆಪಾ ವ್ಯಾಕ್ಯೂಮ್ ಹಿಡಿದು ಮೆಲ್ಲಗೆ ಎಳೆಯಿರಿ. ನೆನೆದು ಬೂಷ್ಟು ಹಿಡಿದ ಲೈನರನ್ನು ಶುಚಿ ಮಾಡಲಾಗದು, ಕಿತ್ತು ಹೊಸದು ಹಾಕಬೇಕು. ಸುರುಳಿ ತಂತಿಯ ಫ್ಲೆಕ್ಸಿಬಲ್ ಡಕ್ಟ್ ಕೊಳೆಯಾಗಿದ್ದರೆ ಬದಲಿಸುವುದೇ ಮೇಲು. ಅದರ ತೆಳ್ಳನೆಯ ಒಳಪದರ ಬ್ರಷ್ಷಿಗೆ ಹರಿಯುತ್ತದೆ, ಹರಿದದ್ದು ಹೊರಗೆ ಕಾಣುವುದಿಲ್ಲ.

7. ವಿಎವಿ ಬಾಕ್ಸಿನ (ಕೋಣೆಗೆ ಬೇಕಾದಷ್ಟೇ ಗಾಳಿ ಬಿಡುವ ಪೆಟ್ಟಿಗೆ) ಹರಿವು ಅಳೆಯುವ ಸಣ್ಣ ನಳಿಕೆಗಳಿಗೆ ಒತ್ತಡದ ಗಾಳಿ ಹೊಡೆಯಬೇಡಿ. ಧೂಳು ಒಳಗೆ ಸಿಕ್ಕಿಕೊಂಡರೆ ಬಾಕ್ಸ್ ತಪ್ಪು ಹರಿವು ಓದುತ್ತದೆ, ಸೆನ್ಸರ್ ಕೆಡುತ್ತದೆ. ಕೊಳವೆ ಕಳಚಿ ತುದಿ ಮುಚ್ಚಿ, ಬಾಕ್ಸಿನ ಒಳಗನ್ನು ಕೈಯಿಂದ ಶುಚಿ ಮಾಡಿ.

8. ಕಾಯಿಲಿನ ಒಣ ಧೂಳನ್ನು ಮೊದಲು ವ್ಯಾಕ್ಯೂಮಿನಿಂದ ತೆಗೆಯಿರಿ. ನೇರ ನೀರು ಬಿಟ್ಟರೆ ಅದು ಕೆಸರಾಗಿ ಒಳಕ್ಕೆ ಇಳಿಯುತ್ತದೆ. ಆಮೇಲೆ ಆಮ್ಲವಿಲ್ಲದ, ಅಲ್ಯುಮಿನಿಯಂಗೆ ಒಗ್ಗುವ ಕ್ಲೀನರ್ ಹಾಕಿ, ಗಾಳಿ ಹೊರಹೋಗುವ ಬದಿಯಿಂದ ಒಳಬರುವ ಬದಿಗೆ ಕಡಿಮೆ ಒತ್ತಡದ ನೀರು ಬಿಡಿ. ಹೆಚ್ಚು ಒತ್ತಡದಲ್ಲಿ ರೆಕ್ಕೆ ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಕ್ಲೀನರ್ ಅಂಶ ಪೂರ್ತಿ ತೊಳೆದು ಹೋಗುವವರೆಗೆ ನೀರು ನಿಲ್ಲಿಸಬೇಡಿ, ಪ್ಯಾನಿಗೆ ಇಳಿದ ಕೆಸರನ್ನು ಡ್ರೇನಿಗೆ ಬಿಡದೆ ಎತ್ತಿ ತೆಗೆಯಿರಿ. ಬ್ಲೋವರಿನ ಎಲೆ ಎಲೆಯನ್ನೂ ಶುಚಿ ಮಾಡಬೇಕು. ಅರ್ಧಂಬರ್ಧ ಶುಚಿಯಾದ ಚಕ್ರ ತೂಕ ತಪ್ಪಿ ನಡುಗುತ್ತದೆ.

ಬೂಷ್ಟು ಹಿಡಿದ ಜಾಗ ಸುಮಾರು 1 ಚದರ ಮೀಟರ್ ದಾಟಿದರೆ ಅದು ಸಾಮಾನ್ಯ ಶುಚಿ ಕೆಲಸವಲ್ಲ. ಆ ಜಾಗವನ್ನು ಪ್ಲಾಸ್ಟಿಕ್ ಗೋಡೆಯಿಂದ ಬೇರ್ಪಡಿಸಿ, ಕೆಲಸಗಾರರಿಗೆ ಪಿ100 ಫಿಲ್ಟರಿನ ಮಾಸ್ಕ್, ಕನ್ನಡಕ, ಮೈ ಮುಚ್ಚುವ ಉಡುಪು ಕೊಟ್ಟು, ಬೂಷ್ಟು ತೆಗೆಯುವ ತರಬೇತಿ ಪಡೆದವರಿಂದಲೇ ಮಾಡಿಸಿ.

ಔಷಧ ಸಿಂಪಡಣೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಕೊಳೆ ತೆಗೆಯದೆ ಡಕ್ಟ್ ಒಳಗೆ ಮಂಜಿನಂತೆ ರಾಸಾಯನಿಕ ತುಂಬಿಸುವುದು ಶುಚಿಯಲ್ಲ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಸಿಂಪಡಿಸಿದ ರಾಸಾಯನಿಕವೂ ಉಸಿರಿಗೆ ಸೇರುತ್ತದೆ. ಕೊಳೆಯ ಮೇಲೆಯೇ ಸೀಲಂಟ್ ಬಳಿಯುವುದು ಇನ್ನೂ ಕೆಟ್ಟದ್ದು, ಧೂಳಿನ ಸಮೇತ ಪದರ ಎದ್ದು ಬರುತ್ತದೆ. ಜನರಿರುವ ಕಡೆ ಓಝೋನ್ ಯಂತ್ರ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ನೇರ ಹಾನಿ. ಕಾಯಿಲ್ ಎದುರು ಹಾಕುವ 254 ನ್ಯಾನೊಮೀಟರ್ ಯುವಿ ದೀಪ ಲೋಳೆ ಮರಳಿ ಬೆಳೆಯದಂತೆ ತಡೆಯಲು ಉಪಯೋಗಕ್ಕೆ ಬರುತ್ತದೆ, ಇರುವ ಕೊಳೆಯನ್ನು ಅದು ತೆಗೆಯುವುದಿಲ್ಲ.

ಅಡುಗೆಮನೆಯ ಜಿಡ್ಡು ಹೊಗೆಯ ಡಕ್ಟನ್ನು ಈ ಕೆಲಸದ ಜೊತೆ ಸೇರಿಸಬೇಡಿ. ಅದು ಬೆಂಕಿಯ ವಿಷಯ, ಅದಕ್ಕೆ ಎನ್‌ಎಫ್‌ಪಿಎ 96ರಂಥ ಬೇರೆ ಮಾನದಂಡ, ಬೇರೆ ವಿಧಾನ ಇದೆ.

ಹಂತ 7: ಹಣ ಕೊಡುವ ಮುನ್ನ

ಮುಚ್ಚಳ ಹಾಕುವ ಮೊದಲೇ ನೋಡಬೇಕು. ಹಂತ 3ರಲ್ಲಿ ನಂಬರ್ ಕೊಟ್ಟ ಜಾಗಗಳಲ್ಲಿ ಅದೇ ಕೋನದಿಂದ ಫೋಟೋ, ನೀವೇ ಆರಿಸಿದ ಇನ್ನೆರಡು ಜಾಗಗಳಲ್ಲಿ ಕ್ಯಾಮೆರಾ. ಗುತ್ತಿಗೆದಾರರು ತೋರಿಸುವ ಜಾಗ ಯಾವತ್ತೂ ಶುಚಿಯಾಗಿಯೇ ಇರುತ್ತದೆ, ಆದ್ದರಿಂದ ಆಯ್ಕೆ ನಿಮ್ಮದಾಗಿರಲಿ. ಕಣ್ಣಿನ ತೀರ್ಪಿನಲ್ಲಿ ಭಿನ್ನಾಭಿಪ್ರಾಯ ಬಂದರೆ ವ್ಯಾಕ್ಯೂಮ್ ಪರೀಕ್ಷೆ ಮಾಡಿಸಿ. ಈ ಷರತ್ತುಗಳೆಲ್ಲ ಕೆಲಸ ಒಪ್ಪಿಸುವಾಗಲೇ ಕಾಗದದಲ್ಲಿರಬೇಕು.

ನಂತರ ಹೊಸ ಫಿಲ್ಟರ್ ಹಾಕಿ, ಸ್ಮೋಕ್ ಡಿಟೆಕ್ಟರುಗಳನ್ನು ಮರಳಿ ಜೋಡಿಸಿ ಹೊಗೆ ಕೊಟ್ಟು ಪರೀಕ್ಷಿಸಿ, ಫೈರ್ ಡ್ಯಾಂಪರ್ ಬೀಳಿಸಿ ಮತ್ತೆ ಎತ್ತಿ ನೋಡಿ. ವಾಲ್ಯೂಮ್ ಡ್ಯಾಂಪರುಗಳು ಗೆರೆಗೆ ಸರಿಯಾಗಿ ಬಂದಿವೆಯೇ ನೋಡಿ. ಜನ ಬರುವ ಮುನ್ನ ಕನಿಷ್ಠ ಎರಡು ಗಂಟೆ ಪೂರ್ತಿ ಹರಿವಿನಲ್ಲಿ ಓಡಿಸಿ, ಆಮೇಲೆ ಪಾರ್ಟಿಕಲ್ ಎಣಿಕೆ ಮೊದಲಿನ ನಾಲ್ಕು ಜಾಗಗಳಲ್ಲೇ ಮಾಡಿ. ಡಿಫ್ಯೂಸರುಗಳ ಹರಿವನ್ನು, ಬಾಯಿಗೆ ಕವಿಚಿ ಅಳೆಯುವ ಹುಡ್‌ನಿಂದ ಅಳೆದು ವಿನ್ಯಾಸದ ಅಂಕಿಯ 10 ಶೇಕಡಾ ಆಚೀಚೆ ತನ್ನಿ. ಕಾಯಿಲ್, ಬ್ಲೋವರ್ ಶುಚಿಯಾದಮೇಲೆ ಹರಿವು ಏರಿರುತ್ತದೆ, ಹಳೆಯ ಫ್ಯಾನ್ ವೇಗ ಈಗ ಜಾಸ್ತಿಯಾಗಬಹುದು. ವೇಗ 10 ಶೇಕಡಾ ಇಳಿಸಿದರೆ ಫ್ಯಾನಿನ ವಿದ್ಯುತ್ ಸುಮಾರು 27 ಶೇಕಡಾ ಇಳಿಯುತ್ತದೆ, ಏಕೆಂದರೆ ವಿದ್ಯುತ್ ವೇಗದ ಘನಕ್ಕೆ ಅನುಗುಣ.

ಆಮೇಲಿನ ದಿನಗಳು

ತಿಂಗಳಿಗೊಮ್ಮೆ ಫಿಲ್ಟರ್ ಗೇಜ್, ಡ್ರೇನ್ ಪ್ಯಾನ್, ಟ್ರ್ಯಾಪಿನ ನೀರು, ಹೊರಗಾಳಿ ಜಾಲರಿ. ಮೂರು ತಿಂಗಳಿಗೊಮ್ಮೆ ಕಾಯಿಲಿಗೆ ಟಾರ್ಚ್. ವರ್ಷಕ್ಕೊಮ್ಮೆ ಇಡೀ ಎಎಚ್‌ಯು, ಎರಡು ವರ್ಷಕ್ಕೊಮ್ಮೆ ನಂಬರ್ ಕೊಟ್ಟ ಡಕ್ಟ್ ಜಾಗಗಳು, ಆಸ್ಪತ್ರೆಯಾದರೆ ಅವೂ ವರ್ಷಕ್ಕೊಮ್ಮೆ. ಶುಚಿ ಮಾಡುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಮೊದಲೇ ಬರೆದಿಡುವುದು ಬೇಡ. ನೋಡುವ ತಾರೀಖು ಬರೆದಿಡಿ, ಶುಚಿ ಬೇಕೇ ಎಂದು ನೋಡಿದ್ದು ಹೇಳಲಿ.

ವರ್ಷಗಳ ಶ್ರಮವನ್ನು ಒಂದೇ ವಾರದಲ್ಲಿ ಹಾಳುಮಾಡುವುದು ಒಳಗಿನ ದುರಸ್ತಿ ಕೆಲಸ. ಗೋಡೆ ಒಡೆಯುವ, ಜಿಪ್ಸಂ ಬೋರ್ಡ್ ಉಜ್ಜುವ ಜಾಗದ ರಿಟರ್ನ್ ಗ್ರಿಲ್‌ಗಳನ್ನು ಕೆಲಸ ಶುರುವಾಗುವ ಮುನ್ನ ಪ್ಲಾಸ್ಟಿಕ್ ಹಾಳೆ, ಟೇಪಿನಿಂದ ಮುಚ್ಚಿ, ಸಪ್ಲೈ ಬಾಯಿಗಳನ್ನೂ ಮುಚ್ಚಿ. ಹಾಗೆ ಮುಚ್ಚಿದಾಗ ಉಳಿದ ವಲಯಗಳ ಹರಿವು ಏರುಪೇರಾಗುತ್ತದೆ, ಫ್ಯಾನ್ ವೇಗ ಸರಿಹೊಂದಿಸಿಕೊಳ್ಳಿ. ಆ ಜಾಗವನ್ನು ಹೆಪಾ ಯಂತ್ರದಿಂದ ಕಡಿಮೆ ಒತ್ತಡದಲ್ಲಿಟ್ಟು ಗಾಳಿಯನ್ನು ನೇರ ಹೊರಕ್ಕೆ ಬಿಡಿ. ಎಎಚ್‌ಯು ಓಡಲೇಬೇಕಿದ್ದರೆ ಫಿಲ್ಟರ್ ಗೇಜನ್ನು ದಿನವೂ ಓದಿ, ಕೆಲಸ ಮುಗಿದ ದಿನ ಫಿಲ್ಟರ್ ಬದಲಿಸಿ, ರಿಟರ್ನ್ ಡಕ್ಟಿನ ಮೊದಲ ತಿರುವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಹೊಸ ಡಕ್ಟ್ ತಂದರೆ ಎರಡೂ ಬಾಯಿ ಮುಚ್ಚಿಕೊಂಡೇ ಬರಲಿ, ಜೋಡಿಸುವ ಗಳಿಗೆಯವರೆಗೆ ಮುಚ್ಚಿಯೇ ಇರಲಿ.